ಹಳೆಯ ಕಾಲದ ಬೇಸ್‌ಬಾಲ್ ಪಿಚರ್‌ನ ವೃತ್ತಿಜೀವನವನ್ನು ಓದುವುದು ಹೇಗೆ: ರಾಡ್‌ಬೋರ್ನ್ ಅವರ ಉದಾಹರಣೆಯೊಂದಿಗೆ

ಬೇಸ್‌ಬಾಲ್ ದಾಖಲೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವುತ್ತ ಹೋದವರು ಒಂದಲ್ಲ ಒಂದು ದಿನ 1884ರ ಒಂದು ಸಾಲಿನ ಮುಂದೆ ತಡೆದು ನಿಲ್ಲುತ್ತಾರೆ. ಆ ವರ್ಷ ಅಮೆರಿಕದ ನ್ಯಾಷನಲ್ ಲೀಗ್‌ನಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡದ ಪರವಾಗಿ ಆಡಿದ ಚಾರ್ಲ್ಸ್ ರಾಡ್‌ಬೋರ್ನ್ ಎಂಬ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) 73 ಪಂದ್ಯಗಳನ್ನು ಆರಂಭಿಸಿದರು, ಆ 73ನ್ನೂ ಕೊನೆಯವರೆಗೆ ತಾವೇ ಎಸೆದು ಮುಗಿಸಿದರು, ಒಟ್ಟು 678 ಇನ್ನಿಂಗ್ಸ್‌ಗೂ (ಎದುರಾಳಿಯ ಮೂರು ಔಟ್‌ಗಳಿಗೆ ಒಂದು ಇನ್ನಿಂಗ್ಸ್) ಮೇಲ್ಪಟ್ಟು ಚೆಂಡೆಸೆದು 441 ಸ್ಟ್ರೈಕ್‌ಔಟ್‌ಗಳನ್ನು (ಮೂರು ಸ್ಟ್ರೈಕ್‌ಗಳಿಗೆ ಬ್ಯಾಟರ್ ಔಟಾಗುವುದು) ಪಡೆದರು. ಅವರ ಹೆಸರಿನ ಮುಂದೆ ಒಂದು ದಾಖಲೆಯಲ್ಲಿ 59 ಗೆಲುವುಗಳಿದ್ದರೆ ಇನ್ನೊಂದರಲ್ಲಿ 60 ಇವೆ. ಇಂದಿನ ಪಿಚರ್ ಒಬ್ಬರು ವರ್ಷಕ್ಕೆ 200 ಇನ್ನಿಂಗ್ಸ್ ಎಸೆದರೆ ಅದೇ ದೊಡ್ಡ ಮಾತು. ಹೀಗಾಗಿ ಓದುಗರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಒಂದೋ ಆ ಮನುಷ್ಯ ಅತಿಮಾನುಷನಾಗಿದ್ದ, ಇಲ್ಲವೇ ಆಗಿನ ಆಟ ಮಕ್ಕಳಾಟವಾಗಿತ್ತು. ಎರಡೂ ಅವಸರದ ತೀರ್ಮಾನಗಳು.

ಅಂಥ ಆಟಗಾರನ ವೃತ್ತಿಜೀವನವನ್ನು ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಆ ವರ್ಷದ ನಿಯಮ, ಆಮೇಲೆ ಪಂದ್ಯಗಳ ಪಟ್ಟಿ ಮತ್ತು ತಂಡದ ಇತರ ಪಿಚರ್‌ಗಳು, ಅದಾದ ಮೇಲೆ ಲೀಗ್. ಇವೆಲ್ಲ ಮುಗಿದ ಬಳಿಕವೇ ಗೆಲುವು, ಸೋಲು, ಸರಾಸರಿ; ಆ ಅಂಕಿಗಳ ಹಿಂದಿನ ಕಾರಣಕ್ಕೆ ಕೊನೆಯಲ್ಲಿ ಕರಾರು. ಬಹುತೇಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮುಂದಿನ ವಿವರಣೆಗೆ ಮುಖ್ಯವಾಗಿ ರಾಡ್‌ಬೋರ್ನ್ ಅವರನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅವರು ಪಿಚರ್ ಆಗಿ ಆಡಿದ 1881ರಿಂದ 1891ರವರೆಗಿನ ಹನ್ನೊಂದು ವರ್ಷಗಳಲ್ಲೇ ಪಿಚಿಂಗ್‌ನ ನಿಯಮಗಳು ಅತಿ ಹೆಚ್ಚು ಸಲ ಬದಲಾದವು. ಆದ್ದರಿಂದ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠ ಸಿಗುವುದು ಕಷ್ಟ.

ಮೊದಲು ನಿಯಮಗಳ ಹಾಳೆ

ಒಂದು ಹಾಳೆಯ ಎಡಕ್ಕೆ ಆಟಗಾರ ಆಡಿದ ವರ್ಷಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಪ್ರತಿ ವರ್ಷದ ಮುಂದೆ ಐದು ಸಂಗತಿಗಳನ್ನು ತುಂಬಬೇಕು: ಎಸೆತದ ದೂರ, ತೋಳನ್ನು ಎಷ್ಟು ಎತ್ತರಕ್ಕೆ ಎತ್ತಬಹುದಿತ್ತು, ಎಷ್ಟು ಬಾಲ್‌ಗಳಿಗೆ (ಸರಿಯಾದ ವಲಯಕ್ಕೆ ಬೀಳದ ಎಸೆತಗಳಿಗೆ) ಒಂದು ವಾಕ್ (ಬ್ಯಾಟರ್‌ಗೆ ಬಿಟ್ಟಿಯಾಗಿ ಸಿಗುವ ಮೊದಲ ಬೇಸ್), ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ) ಲೆಕ್ಕ ಹೇಗಿತ್ತು, ಪಿಚರ್ ತನ್ನ ಜಾಗದಲ್ಲಿ ಎಷ್ಟು ಓಡಾಡಬಹುದಿತ್ತು. ಅಂಕಿಗಳಿಗೆ ಬಲಗಡೆ ಜಾಗ ಬಿಡಿ. ಅವನ್ನು ಈಗಲೇ ತುಂಬಬೇಡಿ.

ದೂರದ ವಿಷಯ ಮೇಲ್ನೋಟಕ್ಕೆ ಸರಳ. 1880ರವರೆಗೆ 45 ಅಡಿ, 1881ರಿಂದ 50 ಅಡಿ, 1893ರಿಂದ ಇಂದಿನವರೆಗೂ 60 ಅಡಿ 6 ಅಂಗುಲ. ಆದರೆ ಈ ಮೂರು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಕಳೆಯಲು ಹೋದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅವುಗಳನ್ನು ಅಳೆದದ್ದು ಬೇರೆ ಬೇರೆ ಜಾಗಕ್ಕೆ. ಆಗ ಪಿಚರ್ ನಿಲ್ಲುತ್ತಿದ್ದುದು ನೆಲದ ಮೇಲೆ ಗೆರೆ ಎಳೆದು ಗುರುತಿಸಿದ ಒಂದು ಚೌಕಟ್ಟಿನೊಳಗೆ. 50 ಅಡಿ ಎಂಬುದು ಆ ಚೌಕಟ್ಟಿನ ಮುಂದಿನ ಗೆರೆಗಿದ್ದ ದೂರ. 60 ಅಡಿ 6 ಅಂಗುಲ ಎಂಬುದಾದರೋ ಪಿಚರ್‌ನ ಹಿಂಗಾಲು ತಾಗಿರಬೇಕಾದ ಪಟ್ಟಿಗಿರುವ ದೂರ. 1887ರಿಂದಲೇ ಹಿಂಗಾಲು ಚೌಕಟ್ಟಿನ ಹಿಂದಿನ ಗೆರೆಯ ಮೇಲಿರಬೇಕೆಂಬ ನಿಯಮ ಬಂದಿತ್ತು. ಆ ಗೆರೆ ಇದ್ದದ್ದು 55 ಅಡಿ 6 ಅಂಗುಲದಲ್ಲಿ. ಹೀಗಾಗಿ 1893ರ ಬದಲಾವಣೆಯಿಂದ ಪಿಚರ್ ನಿಜವಾಗಿ ಹಿಂದೆ ಸರಿದದ್ದು ಐದು ಅಡಿ. ಹಲವರು ಹೇಳುವಂತೆ ಹತ್ತೂವರೆ ಅಡಿ ಅಲ್ಲ.

ತೋಳಿನ ಎತ್ತರ ಇನ್ನೂ ಮುಖ್ಯ. ವೃತ್ತಿಪರ ಆಟದ ಮೊದಲ ದಿನಗಳಲ್ಲಿ ಚೆಂಡನ್ನು ಸೊಂಟದ ಕೆಳಗಿನಿಂದಲೇ ಎಸೆಯಬೇಕಿತ್ತು. 1872ರಲ್ಲಿ ಮಣಿಕಟ್ಟನ್ನು ಝಾಡಿಸಿ ಎಸೆಯಲು ಅನುಮತಿ ದೊರೆತ ಮೇಲೆ ಕರ್ವ್ ಎಸೆತಕ್ಕೆ ದಾರಿಯಾಯಿತು. ನ್ಯಾಷನಲ್ ಲೀಗ್ 1883ರಲ್ಲಿ ಭುಜದ ಮಟ್ಟದವರೆಗೆ, 1884ರಲ್ಲಿ ಪೂರ್ತಿ ತಲೆಯ ಮೇಲಿನಿಂದಲೂ ಎಸೆಯಲು ಬಿಟ್ಟಿತು. ರಾಡ್‌ಬೋರ್ನ್ ಅವರ ಅತ್ಯುತ್ತಮ ವರ್ಷ 1884 ಆಗಿರುವುದರಿಂದ, ಹೊಸ ಸ್ವಾತಂತ್ರ್ಯವೇ ಆ ಯಶಸ್ಸಿಗೆ ಕಾರಣವೆಂದು ಬರೆದುಬಿಡುವ ಆಸೆಯಾಗುವುದು ಸಹಜ. ಆದರೆ ಅವರು ಬರಿಯ ವೇಗವನ್ನು ನೆಚ್ಚಿಕೊಂಡವರಲ್ಲ. ತೋಳಿನ ಕೋನವನ್ನೂ ವೇಗವನ್ನೂ ತಿರುವನ್ನೂ ಎಸೆತದಿಂದ ಎಸೆತಕ್ಕೆ ಬದಲಿಸಿ ಬ್ಯಾಟರ್‌ನ ಅಂದಾಜು ತಪ್ಪಿಸುವವರೆಂದು ಹೆಸರಾಗಿದ್ದರು. ಹಿಂದಿನ ವರ್ಷ, ಅಂದರೆ 1883ರಲ್ಲಿ, ಅವರು ಆಗಲೇ 48 ಪಂದ್ಯಗಳನ್ನು ಗೆದ್ದಿದ್ದರು ಎಂಬುದನ್ನೂ ಗಮನಿಸಬೇಕು.

ವಾಕ್ ಲೆಕ್ಕ ಹೀಗೆ ಇಳಿದುಬಂತು: 1879ರಲ್ಲಿ ಒಂಬತ್ತು ಬಾಲ್‌ಗಳಿಗೆ ಒಂದು ವಾಕ್, 1880ರಲ್ಲಿ ಎಂಟಕ್ಕೆ, 1884ರಲ್ಲಿ ನ್ಯಾಷನಲ್ ಲೀಗ್‌ನಲ್ಲಿ ಆರಕ್ಕೆ, 1886ರಲ್ಲಿ ತುಸು ಏರಿ ಏಳಕ್ಕೆ, 1887ರಲ್ಲಿ ಐದಕ್ಕೆ, ಕೊನೆಗೆ 1889ರಲ್ಲಿ ಈಗಿನಂತೆ ನಾಲ್ಕಕ್ಕೆ. ಆದ್ದರಿಂದ 1884ರಲ್ಲಿ ರಾಡ್‌ಬೋರ್ನ್ 98 ವಾಕ್‌ಗಳನ್ನಷ್ಟೇ ಕೊಟ್ಟರು ಎಂಬುದನ್ನು ಇಂದಿನ ಪಿಚರ್‌ನ ನಿಯಂತ್ರಣದ ಜೊತೆ ನೇರವಾಗಿ ಹೋಲಿಸಲಾಗದು. ಅವರಿಗೆ ಎರಡು ಬಾಲ್‌ಗಳ ರಿಯಾಯಿತಿ ಹೆಚ್ಚಾಗಿತ್ತು.

ಹಾಗೆಂದು ನಿಯಮಗಳೆಲ್ಲ ಪಿಚರ್‌ನ ಕಡೆಗೇ ವಾಲಿದ್ದವೆಂದು ತಿಳಿಯಬಾರದು. ಬ್ಯಾಟರ್ ತನಗೆ ಎತ್ತರದ ಎಸೆತ ಬೇಕೋ ತಗ್ಗಿನ ಎಸೆತ ಬೇಕೋ ಎಂದು ಮೊದಲೇ ಹೇಳಬಹುದಿತ್ತು. ಕೇಳಿದ ವಲಯಕ್ಕೆ ಬೀಳದ ಚೆಂಡು, ಎಷ್ಟೇ ನೇರವಾಗಿದ್ದರೂ, ಬಾಲ್ ಎಂದೇ ಲೆಕ್ಕವಾಗುತ್ತಿತ್ತು. ಈ ಸೌಲಭ್ಯ 1887ರಲ್ಲಿ ರದ್ದಾಯಿತು. ಫೌಲ್ ಹೊಡೆತಗಳನ್ನು (ಮೈದಾನದ ಪಕ್ಕದ ಗೆರೆಗಳ ಹೊರಗೆ ಹೋದವನ್ನು) ಸ್ಟ್ರೈಕ್ ಎಂದು ಎಣಿಸುವ ಪದ್ಧತಿ ನ್ಯಾಷನಲ್ ಲೀಗ್‌ನಲ್ಲಿ ಬಂದದ್ದು 1901ರಲ್ಲಿ, ಅಮೆರಿಕನ್ ಲೀಗ್‌ನಲ್ಲಿ 1903ರಲ್ಲಿ. ಅಂದರೆ 1884ರ ಬ್ಯಾಟರ್ ಹತ್ತು ಚೆಂಡುಗಳನ್ನು ಫೌಲ್ ಮಾಡಿದರೂ ಅವನ ಲೆಕ್ಕಕ್ಕೆ ಒಂದು ಸ್ಟ್ರೈಕ್ ಕೂಡ ಸೇರುತ್ತಿರಲಿಲ್ಲ. 441 ಸ್ಟ್ರೈಕ್‌ಔಟ್‌ಗಳನ್ನು ತೂಗುವಾಗ ಇದನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಲೇಬೇಕು.

ಆದರೆ ಆ 441 ಆ ವರ್ಷದ ಅತಿ ದೊಡ್ಡ ಅಂಕಿಯೂ ಅಲ್ಲ. ಅದೇ 1884ರಲ್ಲಿ ಯೂನಿಯನ್ ಅಸೋಸಿಯೇಷನ್ ಎಂಬ ಮೂರನೆಯ ಲೀಗ್ ಹುಟ್ಟಿ ಅದೇ ವರ್ಷ ಮುಗಿದುಹೋಯಿತು. ಅಲ್ಲಿ ಆಡಿದ, ಎಡಗೈ ಕಳೆದುಕೊಂಡಿದ್ದ ಹ್ಯೂ ಡೇಲಿ 483 ಸ್ಟ್ರೈಕ್‌ಔಟ್ ಮಾಡಿದರು. 1886ರಲ್ಲಿ, ನ್ಯಾಷನಲ್ ಲೀಗ್‌ಗೆ ಪ್ರತಿಸ್ಪರ್ಧಿಯಾಗಿದ್ದ ಅಮೆರಿಕನ್ ಅಸೋಸಿಯೇಷನ್ ಎಂಬ ಲೀಗ್‌ನ ಮ್ಯಾಟ್ ಕಿಲ್‌ರಾಯ್ 513ಕ್ಕೆ ಮುಟ್ಟಿದರು. ಮೂರು ಲೀಗ್‌ಗಳು ಒಮ್ಮೆಗೇ ನಡೆದಾಗ ಒಳ್ಳೆಯ ಬ್ಯಾಟರ್‌ಗಳು ಮೂರು ಕಡೆಗೆ ಹಂಚಿಹೋಗುತ್ತಾರೆ ಎಂಬುದನ್ನೂ ಹಾಳೆಯ ಅಂಚಿನಲ್ಲಿ ಬರೆದಿಡಿ.

ಪಂದ್ಯಗಳೆಷ್ಟು, ಪಿಚರ್‌ಗಳೆಷ್ಟು

ಎರಡನೆಯ ಕೆಲಸ ಸುಲಭ, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆ ವರ್ಷ ತಂಡ ಒಟ್ಟು ಎಷ್ಟು ಪಂದ್ಯ ಆಡಿತು, ಅವುಗಳಲ್ಲಿ ಈ ಪಿಚರ್ ಎಷ್ಟನ್ನು ಆರಂಭಿಸಿದ ಎಂದು ನೋಡಿ, ಪಾಲನ್ನು ಲೆಕ್ಕ ಹಾಕಿ. ಆಲ್ಬರ್ಟ್ ಸ್ಪಾಲ್ಡಿಂಗ್ ಬಾಸ್ಟನ್ ತಂಡದ ಪಿಚರ್ ಆಗಿದ್ದ 1871ರಲ್ಲಿ ಆ ತಂಡ ಆಡಿದ ಅಧಿಕೃತ ಪಂದ್ಯಗಳು 31. ವಾರಕ್ಕೆ ಒಂದೆರಡು ಪಂದ್ಯಗಳಿದ್ದಾಗ ಒಬ್ಬನೇ ಪಿಚರ್ ಸಾಕಾಗುತ್ತಿದ್ದ, ಎರಡನೆಯವನಿಗೆ ಸಂಬಳ ಕೊಡುವ ಅಗತ್ಯವೇ ಇರಲಿಲ್ಲ. 1876ರಲ್ಲಿ ಷಿಕಾಗೋ ತಂಡ ಗೆದ್ದದ್ದು 52, ಸೋತದ್ದು 14. ಅವುಗಳಲ್ಲಿ 47 ಗೆಲುವು, 12 ಸೋಲು ಸ್ಪಾಲ್ಡಿಂಗ್ ಅವರವೇ. 1879ರಲ್ಲಿ ಸಿನ್ಸಿನಾಟಿಯ ವಿಲ್ ವೈಟ್ 75 ಪಂದ್ಯಗಳನ್ನು ಪೂರ್ತಿಯಾಗಿ ಎಸೆದು 680 ಇನ್ನಿಂಗ್ಸ್ ಮುಗಿಸಿದರು. ಆ ದಾಖಲೆ ಇಂದಿಗೂ ನಿಂತಿದೆ. ಆದ್ದರಿಂದ ರಾಡ್‌ಬೋರ್ನ್ ಅವರ 678 ಎಲ್ಲಿಂದಲೋ ಉದುರಿದ ಅಂಕಿಯಲ್ಲ, ಆಗಿನ ಪದ್ಧತಿಯ ತುತ್ತತುದಿ.

ಪ್ರಾವಿಡೆನ್ಸ್ 1884ರಲ್ಲಿ 84 ಪಂದ್ಯ ಗೆದ್ದು 28 ಸೋತಿತು. ಅಷ್ಟು ಹೊತ್ತಿಗೆ ಪಂದ್ಯಗಳ ಸಂಖ್ಯೆ ಬೆಳೆದಿತ್ತು, ಪ್ರತಿ ಒಳ್ಳೆಯ ತಂಡವೂ ಇಬ್ಬರು ಪಿಚರ್‌ಗಳನ್ನು ಇಟ್ಟುಕೊಳ್ಳುತ್ತಿತ್ತು. ಗ್ರೇಸ್ ತಂಡದಲ್ಲಿ ರಾಡ್‌ಬೋರ್ನ್ ಅವರ ಜೊತೆಗೆ ಚಾರ್ಲಿ ಸ್ವೀನಿ ಎಂಬ ತರುಣನಿದ್ದ. ಜೂನ್ 7ರಂದು ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 19 ಸ್ಟ್ರೈಕ್‌ಔಟ್ ಮಾಡಿದವ. ಇಬ್ಬರಿದ್ದರೂ ಕೊನೆಗೆ ಒಬ್ಬರೇ ಉಳಿದರು. ಏಕೆ ಎಂಬ ಪ್ರಶ್ನೆಯೇ ಈ ವೃತ್ತಿಜೀವನದ ತಿರುಳು. ಅದಕ್ಕೆ ಉತ್ತರ ಕರಾರಿನ ಭಾಗದಲ್ಲಿದೆ.

ಇಲ್ಲಿ ಇನ್ನೊಂದು ನಿಯಮವನ್ನೂ ತಿಳಿದಿರಬೇಕು. ಆಗ ಗಾಯವಾದ ಹೊರತು ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ. ಪಿಚರ್ ದಣಿದರೆ ಅವನನ್ನು ಔಟ್‌ಫೀಲ್ಡ್‌ಗೆ ಕಳಿಸಿ ಅಲ್ಲಿದ್ದವನನ್ನು ಪಿಚಿಂಗ್‌ಗೆ ಕರೆಯಬೇಕಿತ್ತು. ಅದಕ್ಕಾಗಿಯೇ ಎರಡನೆಯ ಪಿಚರ್ ಬಿಡುವಿನ ದಿನವೂ ಬಲಗಡೆಯ ಔಟ್‌ಫೀಲ್ಡ್‌ನಲ್ಲಿ ನಿಂತಿರುತ್ತಿದ್ದ. ಹಳೆಯ ಪಿಚರ್‌ಗಳ ಹೆಸರಿನಲ್ಲಿ ಔಟ್‌ಫೀಲ್ಡ್ ಪಂದ್ಯಗಳು ಹತ್ತಿಪ್ಪತ್ತು ಕಂಡರೆ ಅದನ್ನು ಬಹುಮುಖ ಪ್ರತಿಭೆಯೆಂದು ಹೊಗಳುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಯಾವ ಲೀಗ್ ಲೆಕ್ಕಕ್ಕೆ ಬರುತ್ತದೆ

ಈ ಭಾಗ ರಾಡ್‌ಬೋರ್ನ್ ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಅವರಿಗಿಂತ ಹಿಂದಿನವರಿಗೆ ಇದೇ ಎಲ್ಲ. ಮೊದಲ ವೃತ್ತಿಪರ ಲೀಗ್ ಆದ ನ್ಯಾಷನಲ್ ಅಸೋಸಿಯೇಷನ್ 1871ರಿಂದ 1875ರವರೆಗೆ ನಡೆಯಿತು. 1960ರ ದಶಕದ ಕೊನೆಯಲ್ಲಿ ಕುಳಿತ ದಾಖಲೆ ಸಮಿತಿಯೊಂದು ಅದನ್ನು ಮೇಜರ್ ಲೀಗ್ (ಅಗ್ರ ದರ್ಜೆಯ ಲೀಗ್) ಅಲ್ಲವೆಂದು ನಿರ್ಧರಿಸಿತು. ಪರಿಣಾಮ ಏನೆಂದರೆ, 1871ರ ಮೇ 4ರಂದು ಫೋರ್ಟ್ ವೇನ್‌ನಲ್ಲಿ ಆ ಲೀಗ್‌ನ ಮೊಟ್ಟಮೊದಲ ಪಂದ್ಯವನ್ನು 2–0 ಅಂತರದಿಂದ ಗೆದ್ದ ಬಾಬಿ ಮ್ಯಾಥ್ಯೂಸ್ ಅವರ ಗೆಲುವುಗಳು ನೀವು ತೆರೆದ ದಾಖಲೆಗೆ ತಕ್ಕಂತೆ 297 ಅಥವಾ 166. ಸ್ಪಾಲ್ಡಿಂಗ್ ಅವರದು ಇನ್ನೂ ವಿಚಿತ್ರ: ಎಲ್ಲ ಸೇರಿಸಿದರೆ 252 ಗೆಲುವು, 65 ಸೋಲು, ಆ ಐದು ವರ್ಷಗಳನ್ನು ತೆಗೆದರೆ 48 ಗೆಲುವು, 12 ಸೋಲು. ಯಾವುದನ್ನು ಬಳಸಿದರೂ ಸರಿ, ಆದರೆ ಯಾವುದನ್ನು ಬಳಸಿದ್ದೀರಿ ಎಂದು ಬರೆಯದೆ ಬಳಸಬೇಡಿ. ನನ್ನ ಮಟ್ಟಿಗೆ ಸಮಿತಿಯ ನಿರ್ಧಾರ ಅತಿ ಬಿಗಿಯಾಯಿತು. ಆ ಐದು ವರ್ಷ ದೇಶದ ಅತ್ಯುತ್ತಮ ಆಟಗಾರರು ಆಡಿದ್ದು ಅಲ್ಲಿಯೇ.

ಈಗ ಅಂಕಿಗಳು

ಇಷ್ಟಾದ ಮೇಲೆ ಬಲಭಾಗ ತುಂಬಬಹುದು. ಮೊದಲು ಇನ್ನಿಂಗ್ಸ್. ದಾಖಲೆಗಳಲ್ಲಿ 678.2 ಎಂದಿದ್ದರೆ ಅದು ದಶಾಂಶವಲ್ಲ. 678 ಇನ್ನಿಂಗ್ಸ್ ಮತ್ತು ಇನ್ನೆರಡು ಔಟ್, ಅಂದರೆ ಮೂರರಲ್ಲಿ ಎರಡು ಪಾಲು. ಲೆಕ್ಕ ಮಾಡುವಾಗ 678.67 ಎಂದು ತೆಗೆದುಕೊಳ್ಳಬೇಕು. ಕಂಪ್ಯೂಟರ್‌ನ ಕೋಷ್ಟಕಕ್ಕೆ ಹಾಗೆಯೇ ನಕಲು ಮಾಡಿ ಕೂಡಿಸಿದವರ ಮೊತ್ತ ಎಂದಿಗೂ ತಾಳೆಯಾಗುವುದಿಲ್ಲ.

ಎರಡನೆಯದು ಇಆರ್‌ಎ. ಪಿಚರ್‌ನ ಹೊಣೆಗೆ ಸೇರುವ ರನ್‌ಗಳನ್ನು ಒಂಬತ್ತರಿಂದ ಗುಣಿಸಿ ಇನ್ನಿಂಗ್ಸ್‌ಗಳಿಂದ ಭಾಗಿಸಿದರೆ ಅದು ಸಿಗುತ್ತದೆ; ಕಡಿಮೆಯಿದ್ದಷ್ಟೂ ಒಳ್ಳೆಯದು. 1884ರಲ್ಲಿ ರಾಡ್‌ಬೋರ್ನ್ ಅವರ ಹೊಣೆಗೆ ಸೇರಿದ ರನ್‌ಗಳು 104, ಒಂಬತ್ತರಿಂದ ಗುಣಿಸಿದರೆ 936, ಅದನ್ನು 678.67ರಿಂದ ಭಾಗಿಸಿದರೆ 1.38. ಆದರೆ ಇದನ್ನು ಆಗ ಯಾರೂ ಅಧಿಕೃತವಾಗಿ ಲೆಕ್ಕ ಹಾಕುತ್ತಿರಲಿಲ್ಲ. ನ್ಯಾಷನಲ್ ಲೀಗ್ ಇಆರ್‌ಎಯನ್ನು ಅಧಿಕೃತವಾಗಿ ಇಡತೊಡಗಿದ್ದು 1912ರಲ್ಲಿ. ಅದಕ್ಕೂ ಹಿಂದಿನ ಅಂಕಿಗಳೆಲ್ಲ ಹಳೆಯ ವರದಿಗಳಿಂದ ಆಮೇಲೆ ಕಟ್ಟಿದವು. ಜೊತೆಗೆ ಆಗಿನ ಫೀಲ್ಡರ್‌ಗಳಲ್ಲಿ ಹಲವರು ಬರಿಗೈಯಲ್ಲೇ ಆಡುತ್ತಿದ್ದರು, ಎರರ್‌ಗಳು (ಫೀಲ್ಡಿಂಗ್ ತಪ್ಪುಗಳು) ಧಾರಾಳವಾಗಿದ್ದವು, ಎದುರಾಳಿ ಪಡೆದ ರನ್‌ಗಳಲ್ಲಿ ಸುಮಾರು ಅರ್ಧ ಪಿಚರ್‌ನ ಹೊಣೆಗೆ ಬರುತ್ತಲೇ ಇರಲಿಲ್ಲ. ಈ ಕಾರಣದಿಂದ ಇಆರ್‌ಎ ಎಂಬುದು ಈ ಕಾಲಕ್ಕೆ ದುರ್ಬಲ ಸಾಕ್ಷಿ. ಅನುಮಾನವಿದ್ದವರು ಅದೇ ಕಾಲದ ಪಿಚರ್ ಟಿಮ್ ಕೀಫ್ ಅವರ 1880ನೇ ವರ್ಷವನ್ನು ನೋಡಬಹುದು: ಇಆರ್‌ಎ 0.86, ಆದರೂ ಗೆಲುವು ಆರು, ಸೋಲು ಆರು.

ಮೂರನೆಯದು ಗೆಲುವು. ಮೇಲೆ ಹೇಳಿದ 59 ಮತ್ತು 60ರ ಗೊಂದಲಕ್ಕೆ ಕಾರಣ ಒಂದೇ ಒಂದು ಪಂದ್ಯ. ಅದನ್ನು ಬಿಡಿಸಿ ನೋಡಿದರೆ ಹಳೆಯ ಗೆಲುವುಗಳೆಂದರೇನು ಎಂಬುದು ತಿಳಿಯುತ್ತದೆ. 1884ರ ಜುಲೈ 28ರಂದು ಫಿಲಡೆಲ್ಫಿಯಾ ವಿರುದ್ಧ ಪ್ರಾವಿಡೆನ್ಸ್ ಪರವಾಗಿ ಪಂದ್ಯ ಆರಂಭಿಸಿದವರು ಸೈಕ್ಲೋನ್ ಮಿಲ್ಲರ್. ಅವರು ಐದು ಇನ್ನಿಂಗ್ಸ್ ಎಸೆದರು. ಚೆಂಡು ರಾಡ್‌ಬೋರ್ನ್ ಅವರ ಕೈಗೆ ಬರುವಷ್ಟರಲ್ಲಿ ತಂಡ ಮುನ್ನಡೆಯಲ್ಲಿತ್ತು. ಉಳಿದ ನಾಲ್ಕು ಇನ್ನಿಂಗ್ಸ್‌ಗಳನ್ನು ರಾಡ್‌ಬೋರ್ನ್ ಎಸೆದರು. ಇಂದಿನ ನಿಯಮದಂತೆ ಗೆಲುವು ಮಿಲ್ಲರ್ ಅವರಿಗೆ ಸೇರಬೇಕು. ಆದರೆ ಅಂದು ಅಂಥ ನಿಯಮವೇ ಇರಲಿಲ್ಲ. ಗೆಲುವಿಗೆ ಯಾರು ಹೆಚ್ಚು ಕಾರಣ ಎಂಬುದನ್ನು ಸ್ಕೋರ್ ಬರೆಯುವವನ ವಿವೇಚನೆಗೆ ಬಿಟ್ಟಿತ್ತು, ಮತ್ತು ಆ ದಿನ ಅದು ರಾಡ್‌ಬೋರ್ನ್ ಅವರ ಪಾಲಾಯಿತು. ಹಾಗಾಗಿ 60 ಎನ್ನುವವರು ಅಂದಿನ ಪದ್ಧತಿಯನ್ನು, 59 ಎನ್ನುವವರು ಇಂದಿನ ನಿಯಮವನ್ನು ಅನುಸರಿಸುತ್ತಾರೆ. ಅದೇ ಒಂದರ ವ್ಯತ್ಯಾಸ ಒಟ್ಟು ಗೆಲುವುಗಳಲ್ಲಿ 309 ಮತ್ತು 310 ಎಂದು ಮರುಕಳಿಸುತ್ತದೆ. ಇದರಲ್ಲಿ ಪಂಥ ಕಟ್ಟುವುದು ನನಗೆ ವ್ಯರ್ಥವೆನಿಸುತ್ತದೆ. ಆದರೆ ಒಂದೇ ಬರಹದಲ್ಲಿ ಒಂದು ಕಡೆ 59, ಇನ್ನೊಂದು ಕಡೆ 310 ಎಂದು ಬರೆದರೆ ಅದು ಅಜಾಗರೂಕತೆ. ಇಂಥ ಬರಹಗಳು ಕಡಿಮೆಯೇನೂ ಇಲ್ಲ.

ಕರಾರನ್ನು ಓದದೆ ತೋಳನ್ನು ಓದಬೇಡಿ

ಹಳೆಯ ಪಿಚರ್‌ಗಳ ಬಗ್ಗೆ ಬರೆಯುವವರು ತೋಳಿನ ನೋವಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಕರಾರಿನ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಆದರೆ ಒಬ್ಬ ಪಿಚರ್ ಏಕೆ ಅಷ್ಟು ಎಸೆದ ಎಂಬುದಕ್ಕೆ ಹೆಚ್ಚಿನ ಸಲ ಉತ್ತರ ಇರುವುದು ಕರಾರಿನಲ್ಲೇ. ಅದಕ್ಕೆ ಮೊದಲು ರಿಸರ್ವ್ ಪದ್ಧತಿ ಅರ್ಥವಾಗಬೇಕು. 1879ರಲ್ಲಿ ನ್ಯಾಷನಲ್ ಲೀಗ್‌ನ ಮಾಲೀಕರು ತಮ್ಮತಮ್ಮಲ್ಲಿ ಒಂದು ಒಪ್ಪಂದ ಮಾಡಿಕೊಂಡರು: ಪ್ರತಿ ತಂಡವೂ ಐವರು ಆಟಗಾರರನ್ನು ಕಾದಿರಿಸಬಹುದು, ಅವರನ್ನು ಬೇರೆ ಯಾವ ತಂಡವೂ ಮುಟ್ಟುವಂತಿಲ್ಲ. 1883ರಲ್ಲಿ ಆ ಸಂಖ್ಯೆ ಹನ್ನೊಂದಕ್ಕೆ ಏರಿತು. ಅಂದರೆ ತಂಡದ ಬಹುಪಾಲು ಆಟಗಾರರು ಅದರೊಳಗೆ ಸಿಕ್ಕಿಬಿದ್ದರು. ಕರಾರು ಮುಗಿದರೂ ಆಟಗಾರ ಸ್ವತಂತ್ರನಾಗುತ್ತಿರಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1884ರ ಜುಲೈ ತಿಂಗಳನ್ನು ದಿನದಿನವಾಗಿ ನೋಡಿ. ತಿಂಗಳ ಮಧ್ಯದಲ್ಲಿ, ಮೈದಾನದಲ್ಲಿ ತೋರಿದ ಸಿಟ್ಟು ಸೆಡವುಗಳಿಗಾಗಿ ತಂಡದವರು ರಾಡ್‌ಬೋರ್ನ್ ಅವರನ್ನು ಅಮಾನತು ಮಾಡಿದರು. ಹೊರೆಯೆಲ್ಲ ಸ್ವೀನಿಯ ಮೇಲೆ ಬಿತ್ತು. ಜುಲೈ 22ರಂದು ಫಿಲಡೆಲ್ಫಿಯಾ ವಿರುದ್ಧದ ಪಂದ್ಯದಲ್ಲಿ ತಂಡ ಮುಂದಿದ್ದಾಗಲೇ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್ ಅವರು ಸ್ವೀನಿಗೆ ಔಟ್‌ಫೀಲ್ಡ್‌ಗೆ ಹೋಗಿ ಮಿಲ್ಲರ್‌ಗೆ ಚೆಂಡು ಕೊಡುವಂತೆ ಹೇಳಿದರು. ಸ್ವೀನಿ ಒಪ್ಪಲಿಲ್ಲ, ಮೈದಾನವನ್ನೇ ಬಿಟ್ಟು ನಡೆದುಬಿಟ್ಟ. ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲವಾದ್ದರಿಂದ ಎಂಟೇ ಜನ ಆಡಬೇಕಾಯಿತು. ಔಟ್‌ಫೀಲ್ಡ್‌ನಲ್ಲಿ ಮೂವರ ಜಾಗವನ್ನು ಇಬ್ಬರು ಕಾಯುತ್ತಿದ್ದರು. ಗೆದ್ದಂತಿದ್ದ ಪಂದ್ಯ 10–6ರಲ್ಲಿ ಕೈಬಿಟ್ಟಿತು. ಸ್ವೀನಿಯನ್ನು ತಂಡದಿಂದ ಹೊರಹಾಕಿದರು, ಅವನು ಯೂನಿಯನ್ ಅಸೋಸಿಯೇಷನ್‌ನ ಸೇಂಟ್ ಲೂಯಿಸ್ ತಂಡ ಸೇರಿಕೊಂಡ.

ಪಿಚರ್‌ಗಳೇ ಇಲ್ಲದಾಗ ರಾಡ್‌ಬೋರ್ನ್ ಮುಂದಿಟ್ಟ ಮಾತು ಸ್ಪಷ್ಟವಾಗಿತ್ತು: ಉಳಿದ ಋತುವನ್ನು ತಾವು ಎಸೆಯುವುದಾಗಿ, ಅದಕ್ಕೆ ಪ್ರತಿಯಾಗಿ ಹೆಚ್ಚಿನ ಹಣವನ್ನೂ ಋತು ಮುಗಿದ ಮೇಲೆ ರಿಸರ್ವ್ ಪಟ್ಟಿಯಿಂದ ಬಿಡುಗಡೆಯನ್ನೂ ಕೊಡಬೇಕೆಂದು. ತಂಡ ಒಪ್ಪಿತು. ಅಲ್ಲಿಂದ ಮುಂದೆ ಅವರು ಬಹುತೇಕ ದಿನ ಬಿಡದೆ ಎಸೆದರು, ಸತತ 18 ಗೆಲುವು ಕಂಡರು, ತಂಡ ಸತತ 20 ಪಂದ್ಯ ಗೆದ್ದು ಪೆನ್ನೆಂಟ್ (ಲೀಗ್‌ನ ಚಾಂಪಿಯನ್ ಪಟ್ಟ) ಗೆದ್ದುಕೊಂಡಿತು. ಬೆಳಿಗ್ಗೆ ತಲೆ ಬಾಚಲು ಕೈ ಎತ್ತಲಾಗದಷ್ಟು ನೋವಿತ್ತೆಂಬ ಮಾತು ಅವರ ಬಗ್ಗೆ ಪ್ರಚಲಿತವಾಗಿದೆ. ನೋವು ಇದ್ದಿರಲೇಬೇಕು. ಆದರೆ ಆ ನೋವನ್ನು ಸಹಿಸಿ ಮರುದಿನ ಮತ್ತೆ ಚೌಕಟ್ಟಿನೊಳಗೆ ನಿಲ್ಲಿಸಿದ್ದು ಬರಿಯ ಶೌರ್ಯ ಎಂದು ಬರೆದರೆ ಮುಕ್ಕಾಲು ಕಥೆ ಬಿಟ್ಟುಹೋಗುತ್ತದೆ. ಆತ ತನ್ನ ಸ್ವಾತಂತ್ರ್ಯವನ್ನು ಇನ್ನಿಂಗ್ಸ್‌ಗಳಲ್ಲಿ ಕೊಂಡುಕೊಳ್ಳುತ್ತಿದ್ದರು. ಅಕ್ಟೋಬರ್‌ನಲ್ಲಿ ಅಮೆರಿಕನ್ ಅಸೋಸಿಯೇಷನ್‌ನ ವಿಜೇತ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ವಿರುದ್ಧದ ಮೂರೂ ಪಂದ್ಯಗಳನ್ನು ಅವರೇ ಎಸೆದು ಗೆದ್ದರು. ಬಿಡುಗಡೆ ಸಿಕ್ಕ ಮೇಲೂ, ಒಳ್ಳೆಯ ಸಂಬಳ ಕೊಟ್ಟ ಪ್ರಾವಿಡೆನ್ಸ್‌ನಲ್ಲೇ ಉಳಿದರು ಎಂಬುದು ಈ ಪ್ರಸಂಗದ ಸೊಗಸಾದ ತಿರುವು.

ಆದ್ದರಿಂದ ನಿಮ್ಮ ಹಾಳೆಗೆ ಇನ್ನೊಂದು ಕಲಂ ಸೇರಿಸಿ: ಆ ವರ್ಷ ಆಟಗಾರ ಯಾರಿಗೆ ಕಟ್ಟುಬಿದ್ದಿದ್ದ, ಯಾವ ಷರತ್ತಿನ ಮೇಲೆ. ಯಾವ ವರ್ಷ ಇನ್ನಿಂಗ್ಸ್‌ಗಳು ಒಮ್ಮೆಗೇ ಜಿಗಿದಿವೆಯೋ ಆ ವರ್ಷ ಜೊತೆಯ ಪಿಚರ್‌ಗೆ ಏನಾಯಿತು ಎಂದು ಮೊದಲು ಹುಡುಕಿ.

ಪತ್ರಿಕೆಗಳ ಬಾಕ್ಸ್ ಸ್ಕೋರ್

ಅಂತಿಮ ಅಂಕಿಗಳಿಂದ ತೃಪ್ತಿಯಾಗದವರು ಪಂದ್ಯದ ಮಟ್ಟಕ್ಕೆ ಇಳಿಯಬೇಕು. ಆ ಕಾಲದ ದಿನಪತ್ರಿಕೆಗಳೂ, 1883ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾದ ‘ಸ್ಪೋರ್ಟಿಂಗ್ ಲೈಫ್’ನಂಥ ವಾರಪತ್ರಿಕೆಗಳೂ ಬಾಕ್ಸ್ ಸ್ಕೋರ್ (ಒಂದು ಪಂದ್ಯದ ಅಂಕಿಗಳ ಕೋಷ್ಟಕ) ಅಚ್ಚುಹಾಕುತ್ತಿದ್ದವು, ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದಂತೆ ಹಲವು ಗ್ರಂಥಾಲಯಗಳು ಆ ಕಾಲದ ಪತ್ರಿಕೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಹುಡುಕುವಾಗ ಹೆಸರಿನ ಕಾಗುಣಿತವನ್ನು ಎರಡೂ ರೀತಿಯಲ್ಲಿ ಪ್ರಯತ್ನಿಸಿ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿರುವ ಫಲಕದಲ್ಲೇ ರಾಡ್‌ಬೋರ್ನ್ ಅವರ ಹೆಸರಿನ ಕೊನೆಗೆ ಒಂದು ಹೆಚ್ಚಿನ ‘ಇ’ ಅಕ್ಷರವಿದೆ.

ಓದುವಾಗ ಎರಡು ಎಚ್ಚರಿಕೆಗಳು ಸಾಕು. ಇನ್ನಿಂಗ್ಸ್‌ವಾರು ರನ್‌ಗಳ ಸಾಲಿನಲ್ಲಿ ಮೇಲೆ ಇರುವುದು ಹೊರಗಿನಿಂದ ಬಂದ ತಂಡವೇ ಎಂದು ನಂಬಬೇಡಿ. ಆಗ ಯಾರು ಮೊದಲು ಬ್ಯಾಟ್ ಮಾಡಬೇಕೆಂಬುದು ನಾಣ್ಯ ಚಿಮ್ಮಿ ನಿರ್ಧಾರವಾಗುತ್ತಿತ್ತು, ಆತಿಥೇಯರು ಮೊದಲು ಆಡುವುದೂ ಸಾಮಾನ್ಯವಾಗಿತ್ತು. ಎರಡನೆಯದಾಗಿ, ಪಿಚರ್‌ನ ಸಾಲಿನಲ್ಲಿ ಎರರ್‌ಗಳು ರಾಶಿ ಬಿದ್ದಿದ್ದರೆ ಆತ ಕೆಟ್ಟ ಫೀಲ್ಡರ್ ಎಂದು ಬರೆಯಬೇಡಿ. 1880ರ ದಶಕದ ಕೆಲವು ಋತುಗಳಲ್ಲಿ ವಾಕ್‌ಗಳನ್ನೂ ಪಿಚರ್‌ನ ಎರರ್ ಎಂದೇ ಬರೆಯುತ್ತಿದ್ದರು.

ಇಳಿಜಾರನ್ನು ಓದುವುದು

ಏರುವುದಕ್ಕಿಂತ ಇಳಿಯುವುದನ್ನು ಓದುವುದು ಕಷ್ಟ, ಏಕೆಂದರೆ ವಯಸ್ಸು, ದಣಿವು, ನಿಯಮ, ತಂಡ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ರಾಡ್‌ಬೋರ್ನ್ ಅವರ ಗೆಲುವುಗಳು 1885ರಲ್ಲಿ 28ಕ್ಕೆ ಇಳಿದವು. ಆ ವರ್ಷದ ಕೊನೆಗೆ ಪ್ರಾವಿಡೆನ್ಸ್ ತಂಡವೇ ಮುಚ್ಚಿಹೋಗಿ ಅವರು ಬಾಸ್ಟನ್ ಸೇರಿದರು. 1886ರಲ್ಲಿ 27 ಗೆಲುವು, 31 ಸೋಲು. ತೋಳು ಸವೆದುಹೋಯಿತೆಂದು ಇಲ್ಲಿಗೇ ಷರಾ ಬರೆಯಬಹುದು, ಆದರೆ ಆ ವರ್ಷದ ಇಆರ್‌ಎ ಮೂರರ ಆಸುಪಾಸಿನಲ್ಲೇ ಇತ್ತು, ಮತ್ತು ಅವರು 500ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿದ್ದರು. ಸೋಲುಗಳಲ್ಲಿ ಒಂದಷ್ಟು ಪಾಲು ದುರ್ಬಲ ತಂಡದ್ದು.

ನಿಜವಾದ ಕುಸಿತ 1887ರಲ್ಲಿ. ಇಆರ್‌ಎ ನಾಲ್ಕೂವರೆ ದಾಟಿತು. ಈಗ ನಿಯಮಗಳ ಹಾಳೆಯನ್ನು ನೋಡಿ. ಅದುವರೆಗೆ ಪಿಚರ್ ಚೌಕಟ್ಟಿನೊಳಗೆ ಒಂದೆರಡು ಹೆಜ್ಜೆ ಓಡಿ, ಕ್ರಿಕೆಟ್ಟಿನ ಬೌಲರ್ ಕಿರು ಓಟದಿಂದ ಬಲ ಪಡೆಯುವ ಹಾಗೆ, ಎಸೆಯಬಹುದಿತ್ತು; ಆ ವರ್ಷದಿಂದ ಹಿಂಗಾಲನ್ನು ಗೆರೆಯ ಮೇಲಿಟ್ಟು ಒಂದೇ ಹೆಜ್ಜೆ ಮುಂದಿಡಬಹುದಿತ್ತು. ಬಾಲ್‌ಗಳು ಏಳರಿಂದ ಐದಕ್ಕೆ ಇಳಿದವು. ಅದೊಂದೇ ವರ್ಷ ಔಟಾಗಲು ಮೂರರ ಬದಲು ನಾಲ್ಕು ಸ್ಟ್ರೈಕ್ ಬೇಕಾಗಿತ್ತು. ಅದೇ ವರ್ಷ ವಾಕ್‌ಗಳನ್ನು ಹಿಟ್ (ಬೇಸ್ ಗಳಿಸಿಕೊಡುವ ಹೊಡೆತ) ಎಂದು ಎಣಿಸಿದ್ದರಿಂದ ಬ್ಯಾಟರ್‌ಗಳ ಸರಾಸರಿಗಳೂ ಉಬ್ಬಿಕೊಂಡವು. ಓಟದ ಲಯವನ್ನೇ ನಂಬಿದ್ದ, ಮೂವತ್ತೆರಡು ದಾಟಿದ ಪಿಚರ್‌ಗೆ ಇದೆಲ್ಲ ಒಂದೇ ಏಪ್ರಿಲ್‌ನಲ್ಲಿ ಎದುರಾಯಿತು. ಕುಸಿತಕ್ಕೆ ತೋಳೊಂದೇ ಕಾರಣವಲ್ಲ ಎಂಬುದಕ್ಕೆ ಪುರಾವೆ ಮೂರು ವರ್ಷಗಳ ನಂತರ ಸಿಗುತ್ತದೆ: 1890ರಲ್ಲಿ, ರಿಸರ್ವ್ ಪದ್ಧತಿಯ ವಿರುದ್ಧ ಆಟಗಾರರೇ ಕಟ್ಟಿದ ಪ್ಲೇಯರ್ಸ್ ಲೀಗ್‌ನ ಬಾಸ್ಟನ್ ತಂಡಕ್ಕೆ ಹೋದ ರಾಡ್‌ಬೋರ್ನ್ 27 ಗೆಲುವು, 12 ಸೋಲುಗಳೊಂದಿಗೆ ಆ ತಂಡದ ಪೆನ್ನೆಂಟ್‌ಗೆ ನೆರವಾದರು. ಮರುವರ್ಷ ಸಿನ್ಸಿನಾಟಿಯಲ್ಲಿ ಮುನ್ನೂರನೆಯ ಗೆಲುವು ಪಡೆದು ಆಟ ಬಿಟ್ಟರು.

ಆಟ ಬಿಟ್ಟ ಮೇಲಿನ ವರ್ಷಗಳಿಗೆ ಒಂದೆರಡು ಸಾಲು ಸಾಕು, ಆದರೆ ಬಿಡಬಾರದು; ಸಂಬಳದ ಕಥೆ ಅಲ್ಲಿ ಪೂರ್ತಿಯಾಗುತ್ತದೆ. ರಾಡ್‌ಬೋರ್ನ್ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಬಿಲಿಯರ್ಡ್ಸ್ ಸಲೂನ್ ನಡೆಸಿದರು, ಬೇಟೆಯ ಅಪಘಾತವೊಂದರಲ್ಲಿ ಒಂದು ಕಣ್ಣನ್ನು ಕಳೆದುಕೊಂಡರು, 1897ರ ಫೆಬ್ರವರಿ 5ರಂದು 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಂದು ಕಡೆ, ಅದೇ ಇಲಿನಾಯ್‌ನ ಸ್ಪಾಲ್ಡಿಂಗ್ 1876ರಲ್ಲೇ ಷಿಕಾಗೋದಲ್ಲಿ ಕ್ರೀಡಾಸಾಮಗ್ರಿಗಳ ವ್ಯಾಪಾರ ತೆರೆದು, ತಂಡದ ಮಾಲೀಕರಾಗಿ, ಮುಂದೆ ರಾಡ್‌ಬೋರ್ನ್ ಅವರಂಥ ಆಟಗಾರರನ್ನು ಕಾದಿರಿಸುವ ಪಕ್ಷದಲ್ಲಿ ಕುಳಿತರು. 1939ರಲ್ಲಿ ಇಬ್ಬರೂ ಒಂದೇ ವರ್ಷ ಹಾಲ್ ಆಫ್ ಫೇಮ್‌ಗೆ ಸೇರಿದರು.

ಈ ಕ್ರಮವನ್ನು ಸ್ವತಃ ಪ್ರಯತ್ನಿಸುವವರು ಮುಂದೆ ಬಾಬಿ ಮ್ಯಾಥ್ಯೂಸ್ ಅವರನ್ನು ಎತ್ತಿಕೊಳ್ಳಬಹುದು. 45 ಅಡಿಯ ಕಾಲದಲ್ಲಿ ಆರಂಭಿಸಿ 50 ಅಡಿಯ ಕಾಲದಲ್ಲಿ ಮುಗಿಸಿದವರು ಅವರು. 1883, 1884, 1885ರಲ್ಲಿ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ಪರವಾಗಿ ಪ್ರತಿ ವರ್ಷವೂ ಸರಿಯಾಗಿ 30 ಪಂದ್ಯ ಗೆದ್ದರು. ಅವರ ಮಟ್ಟಿಗೆ ಲೀಗ್‌ನ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡು, ನಿಯಮಗಳ ಹಾಳೆಯನ್ನು ಅಮೆರಿಕನ್ ಅಸೋಸಿಯೇಷನ್‌ಗೆ ಬೇರೆಯಾಗಿಯೇ ಬರೆದುಕೊಳ್ಳಬೇಕಾಗುತ್ತದೆ: ತಲೆಯ ಮೇಲಿನಿಂದ ಎಸೆಯಲು ಅಲ್ಲಿ ಅನುಮತಿ ದೊರೆತದ್ದು 1885ರಲ್ಲಿ, ನ್ಯಾಷನಲ್ ಲೀಗ್‌ಗಿಂತ ಒಂದು ವರ್ಷ ತಡವಾಗಿ.